ಅತ್ತ ಹಾಕಿದರೆ ಚಾರ್ಜು, ಇತ್ತ ಹಾಕಿದರೆ ಸಂಗೀತ

ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮೈಸೂರಿನ ಮನೆಯಲ್ಲಿ ರೇಡಿಯೋ ಹಾಕುವ ರೂಢಿ. ಎಫ್‌ಎಂ ಅಲ್ಲ, ಹಳೆಯ ಮೀಡಿಯಂ ವೇವ್. 612 ಕಿಲೋಹರ್ಟ್ಸ್‌ನ ಬೆಂಗಳೂರು ಕೇಂದ್ರಕ್ಕೆ ಮುಳ್ಳು ಬಂದು ನಿಂತಿತು, ವೀಣೆಯ ಆಲಾಪನೆ ಶುರುವಾಯಿತು ಅನ್ನುವಷ್ಟರಲ್ಲಿ ಎಲ್ಲಿಂದಲೋ ‘ಜುಂಯ್’ ಎಂಬ ಸದ್ದು ಬಂದು ರಾಗದ ಮೇಲೆ ಕೂತುಬಿಡುತ್ತದೆ. ಒಳಗಿನಿಂದ ನನ್ನ ಹೆಂಡತಿ, “ರೀ, ಯಾರದೋ ಫೋನು ಚಾರ್ಜಿಗಿದೆ, ತೆಗೀರಿ” ಅನ್ನುತ್ತಾಳೆ. ಪ್ಲಗ್ಗಿನಿಂದ ಚಾರ್ಜರ್ ಕಿತ್ತರೆ ವೀಣೆ ಮತ್ತೆ ಶುದ್ಧವಾಗಿ ಕೇಳಿಸುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವ ಆ ಬಿಳಿ ಡಬ್ಬಿ ಒಳಗೊಳಗೆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕೊಡುತ್ತಿರುತ್ತದೆ. ಆ ಕಡಿತದ ಗದ್ದಲ ತಂತಿಯಲ್ಲೂ ಗಾಳಿಯಲ್ಲೂ ಹರಡಿ ರೇಡಿಯೋಗೆ ತಾಗುತ್ತದೆ. ಫೋನಿನ ಹೊಟ್ಟೆ ತುಂಬಬೇಕು, ಇಲ್ಲವೇ ನನ್ನ ಕಿವಿ ತುಂಬಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ.

ಚಾರ್ಜರಿಗೂ ರೇಡಿಯೋಗೂ ಇರುವ ಈ ಜಗಳ ಮೊಬೈಲ್ ಫೋನಿನಿಂದ ಶುರುವಾದದ್ದಲ್ಲ. ರೇಡಿಯೋ ಮೊದಲ ಸಲ ಮನೆಯೊಳಗೆ ಕಾಲಿಟ್ಟಾಗಲೇ ಚಾರ್ಜರ್ ಅದರ ಬೆನ್ನಿಗೆ ಬಂದಿತ್ತು, ಜಗಳವೂ ಜೊತೆಗೇ ಬಂದಿತ್ತು. ನೂರು ವರ್ಷದ ಹಿಂದಿನ ಮಾತು. ಅಮೆರಿಕದ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ 1920ರ ನವೆಂಬರ್ 2ರಂದು ಅಧ್ಯಕ್ಷರ ಚುನಾವಣೆಯ ಫಲಿತಾಂಶವನ್ನು ಪ್ರಸಾರ ಮಾಡಿದ ಮೇಲೆ ಆ ದೇಶದ ಜನ ರೇಡಿಯೋಗೆ ಮುಗಿಬಿದ್ದರು. ಆದರೆ ಆಗಿನ ರೇಡಿಯೋ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಹಾಡಿಸುವ ಯಂತ್ರವಾಗಿರಲಿಲ್ಲ. ಅದಕ್ಕೆ ಮೂರು ಬಗೆಯ ಬ್ಯಾಟರಿ ಬೇಕಿತ್ತು. ಎ ಬ್ಯಾಟರಿ ಅಂದರೆ ಮೋಟಾರು ಕಾರಿನದೇ ಆರು ವೋಲ್ಟಿನ ಸೀಸ ಮತ್ತು ಆ್ಯಸಿಡ್ಡಿನ ಭಾರದ ಪೆಟ್ಟಿಗೆ. ರೇಡಿಯೋದೊಳಗಿನ ಗಾಜಿನ ವಾಲ್ವುಗಳ ಎಳೆಯನ್ನು ಕೆಂಪಗೆ ಕಾಯಿಸುವುದು ಅದರ ಕೆಲಸ. ಬಿ ಬ್ಯಾಟರಿ 45 ವೋಲ್ಟಿನ ಒಣ ಬ್ಯಾಟರಿ, ಒಳಗೆ ಮೂವತ್ತು ಪುಟ್ಟ ಸೆಲ್ಲುಗಳು. ಅಂಥ ಎರಡನ್ನು ಜೋಡಿಸಿ 90 ವೋಲ್ಟ್ ಮಾಡುತ್ತಿದ್ದರು. ಸಿ ಬ್ಯಾಟರಿ ಚಿಕ್ಕದು, ಖರ್ಚಿಲ್ಲದ್ದು, ಅದರ ಮಾತು ಬೇಡ.

ತಿನ್ನುವುದರಲ್ಲಿ ಎ ಬ್ಯಾಟರಿಯದೇ ದೊಡ್ಡ ಬಾಯಿ. ಆ ಕಾಲದ ಹೆಸರಾಂತ 201-ಎ ವಾಲ್ವು ಒಂದೊಂದೂ ಕಾಲು ಆಂಪಿಯರ್ ಎಳೆಯುತ್ತಿತ್ತು. ಐದು ವಾಲ್ವಿನ ಸೆಟ್ಟಾದರೆ ಒಂದೂಕಾಲು ಆಂಪಿಯರ್. 80 ಆಂಪಿಯರ್-ಗಂಟೆಯ ಬ್ಯಾಟರಿ ಇದ್ದವರು ದಿನಕ್ಕೆ ಮೂರು ಗಂಟೆ ಕೇಳಿದರೆ ಹೆಚ್ಚೆಂದರೆ ಮೂರು ವಾರ. ಮೂರನೆಯ ವಾರದ ಕೊನೆಗೆ ದನಿ ಸಣ್ಣಗಾಗುತ್ತ, ದೂರದ ಊರಿನ ಕೇಂದ್ರಗಳು ಒಂದೊಂದಾಗಿ ಕೈಬಿಡುತ್ತ ಹೋಗುತ್ತಿದ್ದವು. ಆಗ ಚಾರ್ಜು ಮಾಡಲೇಬೇಕು. ಮನೆಗೆ ಬರುವ ಕರೆಂಟು ಸೆಕೆಂಡಿಗೆ 60 ಸಲ ಹೋಗಿಬರುವಂಥದ್ದು. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿನಲ್ಲಿ ಹರಿಯುವಂಥದ್ದು. ಹೋಗುವುದನ್ನು ಬಿಟ್ಟು ಬರುವುದನ್ನು ತಡೆಯುವ ಬಾಗಿಲೊಂದು ಬೇಕು. ಆಗಿನ ಚಾರ್ಜರ್ ಅಂದರೆ ಆ ಬಾಗಿಲು, ಅಷ್ಟೇ.

ಆ ಬಾಗಿಲನ್ನು ಮಾಡಲು ಜನ ಎಷ್ಟು ಬಗೆಯ ದಾರಿ ಹಿಡಿದರು ಅನ್ನುವುದನ್ನು ಓದುತ್ತ ಹೋದರೆ ನನಗೆ ಈಗಲೂ ಸಂತೋಷ ಉಕ್ಕುತ್ತದೆ. ಒಂದರಲ್ಲಿ ಉಕ್ಕಿನ ತೆಳು ನಾಲಗೆಯೊಂದು ಕರೆಂಟಿನ ತಾಳಕ್ಕೆ ಸರಿಯಾಗಿ ಅದುರುತ್ತ, ಬೇಕಾದ ಅರ್ಧ ಬಂದಾಗ ಮುಟ್ಟಿ, ಬೇಡದ ಅರ್ಧ ಬಂದಾಗ ಬಿಡುತ್ತಿತ್ತು. ಮುಟ್ಟುವ ಜಾಗದಲ್ಲಿ ಕಿಡಿ. ಇಡೀ ರಾತ್ರಿ ಮನೆಯಲ್ಲಿ ಜೀರುಂಡೆ ಹೊಕ್ಕಂತೆ ಸದ್ದು. ಆ ಕಿಡಿಯ ಗರಗರ ಪಕ್ಕದ ಮನೆಯ ರೇಡಿಯೋಗೂ ಕೇಳಿಸುತ್ತಿತ್ತು. ಇನ್ನೊಂದು, ಜನರಲ್ ಎಲೆಕ್ಟ್ರಿಕ್‌ನವರ ಟಂಗರ್. ಅದರಲ್ಲಿ ಅಲುಗುವ ಭಾಗವೇ ಇಲ್ಲ. ಆರ್ಗಾನ್ ತುಂಬಿದ ಗಾಜಿನ ಬುರುಡೆಯೊಳಗೆ ದಪ್ಪ ಟಂಗ್‌ಸ್ಟನ್ ಸುರುಳಿ, ಅದರೆದುರಿಗೆ ಗ್ರಾಫೈಟಿನ ಗುಂಡಿ. ಸುರುಳಿ ಕಾದಾಗ ಕರೆಂಟು ಅನಿಲದ ಮೂಲಕ ಒಂದೇ ಕಡೆಗೆ ದಾಟುತ್ತದೆ. ಮಾಮೂಲಿ ದೀಪದ ಬಲ್ಬಿನಷ್ಟೇ ಸುಲಭವಾಗಿ ತಿರುಗಿಸಿ ಕೂರಿಸುವುದು, ನೆತ್ತಿಯ ಮೇಲಿನ ತಂತಿಗೆ ಒಂದು ಕ್ಲಿಪ್ಪು ಹಾಕುವುದು. ಕೆಲಸ ಮಾಡುವಾಗ ಹೊಂಬೆಳಕಿನ ಸುತ್ತ ನೀಲಿಯೋ ನೇರಳೆಯೋ ಎಂದು ಹೇಳಲಾಗದ ಒಂದು ಪ್ರಭೆ. ಮೂರನೆಯದು ಬಾಲ್ಕೈಟ್, ನಾರ್ತ್ ಶಿಕಾಗೋ ಎಂಬ ಊರಿನ ಫ್ಯಾನ್‌ಸ್ಟೀಲ್ ಕಂಪನಿಯದು. ತೆಳು ಗಂಧಕಾಮ್ಲದಲ್ಲಿ ಸೀಸದ ಒಂದು ಪಟ್ಟಿ, ಟ್ಯಾಂಟಲಮ್ ಎಂಬ ಅಪರೂಪದ ಲೋಹದ ಇನ್ನೊಂದು ಪಟ್ಟಿ. ಟ್ಯಾಂಟಲಮ್ಮಿನ ಮೈಮೇಲೆ ತಾನಾಗಿ ಮೂಡುವ ಪೊರೆ ಒಂದು ದಿಕ್ಕಿನ ಕರೆಂಟನ್ನು ಮಾತ್ರ ಬಿಡುತ್ತದೆ. ಕಿಡಿ ಇಲ್ಲ, ಸದ್ದಿಲ್ಲ. ಆಗಾಗ ನೀರು ಹಾಕಿದರಾಯಿತು.

ಕೈಯಲ್ಲಿ ದುಡ್ಡಿಲ್ಲದ ಹುಡುಗರು ಮನೆಯಲ್ಲೇ ಮಾಡಿಕೊಂಡರು. ಗಾಜಿನ ಜಾಡಿಯಲ್ಲಿ ಬಿಳಿಗಾರದ ನೀರು, ಅದರಲ್ಲಿ ಅಲ್ಯೂಮಿನಿಯಮ್ಮಿನ ಒಂದು ತುಂಡು, ಸೀಸದ ಒಂದು ತುಂಡು. ಇದೂ ಬಾಗಿಲೇ. ಅಮ್ಮಂದಿರ ಉಪ್ಪಿನಕಾಯಿ, ಮುರಬ್ಬಗಳ ಜಾಡಿಗಳು ಸಾಲಾಗಿ ಮಾಳಿಗೆಯಲ್ಲಿ ಕೂತು ರಾತ್ರಿಯಿಡೀ ಬ್ಯಾಟರಿಗೆ ಕರೆಂಟು ಸೋಸುತ್ತಿದ್ದವು. ಊರಿಗೆ ಡಿಸಿ ಕರೆಂಟೇ ಬರುತ್ತಿದ್ದರೆ ಇಷ್ಟೂ ಬೇಡ. ದೀಪದ ಬಲ್ಬುಗಳ ಮೂಲಕ ಹಾಯಿಸಿ ಬ್ಯಾಟರಿಗೆ ಕೊಟ್ಟರೆ ಸಾಕು. ಬಲ್ಬೇ ಕರೆಂಟಿಗೆ ಮಿತಿ. ಮನೆ ಬೆಳಗುತ್ತ ಬೆಳಗುತ್ತಲೇ ಬ್ಯಾಟರಿ ತುಂಬುತ್ತಿತ್ತು. ನನಗೆ ಅತ್ಯಂತ ಇಷ್ಟವಾದ ಏರ್ಪಾಡು ಇದೇ.

ಚಾರ್ಜರ್ ಯಾವುದೇ ಇರಲಿ, ರೇಡಿಯೋದ ಪಕ್ಕದಲ್ಲಿ ಅನೇಕರು ಒಂದು ಪುಟ್ಟ ಸ್ವಿಚ್ ಹಾಕಿಸಿಕೊಂಡಿದ್ದರು. ಪಿಂಗಾಣಿಯ ಹಲಗೆಯ ಮೇಲೆ ತಾಮ್ರದ ಎರಡು ಅಲಗು, ಮೇಲೊಂದು ಹಿಡಿ. ಅತ್ತ ಹಾಕಿದರೆ ಬ್ಯಾಟರಿ ಚಾರ್ಜರಿಗೆ, ಇತ್ತ ಹಾಕಿದರೆ ರೇಡಿಯೋಗೆ. ನಡುವೆ ನಿಲ್ಲಿಸಿದರೆ ಯಾವುದಕ್ಕೂ ಇಲ್ಲ. ಚಾರ್ಜು ಆಗುತ್ತಿರುವಾಗಲೇ ಕೇಳಹೊರಟರೆ ಟಂಗರಿನ ಮಿಡಿತವೆಲ್ಲ ಗುಂಯ್ ಎಂದು ಸಂಗೀತದೊಳಕ್ಕೆ ಇಳಿಯುವ ಕಾರಣ ಈ ಸ್ವಿಚ್ ಬೇಕಾಗಿತ್ತು. ಕೇಳುವ ಹೊತ್ತು ಬೇರೆ, ಉಣಿಸುವ ಹೊತ್ತು ಬೇರೆ. ಆಗಿನ ರೇಡಿಯೋಗೆ ಅದರದೇ ಆದ ಒಂದು ರಾತ್ರಿ ಇತ್ತು.

ನಮ್ಮ ಅಜ್ಜಯ್ಯನ ರೇಡಿಯೋಗೆ ರಾತ್ರಿ ಮಾತ್ರವಲ್ಲ, ಇಡೀ ಒಂದು ಮಳೆಗಾಲವೇ ಇತ್ತು. ಮಲೆನಾಡಿನ ಒಂಟಿಮನೆ, ತೋಟ ದಾಟಿ, ಹಳ್ಳ ದಾಟಿ, ಗುಡ್ಡ ಹತ್ತಿದ ಮೇಲೆ ಬಸ್ಸಿನ ರಸ್ತೆ. ಜೋಗದಲ್ಲಿ 1948ರಿಂದ ವಿದ್ಯುತ್ತು ಹುಟ್ಟುತ್ತಿದ್ದರೂ ಅದರ ತಂತಿಗಳು ನಮ್ಮ ತಲೆಯ ಮೇಲಿಂದ ಹಾದು ದೂರದ ಊರುಗಳಿಗೆ ಹೋಗುತ್ತಿದ್ದವು. ಮನೆಯಲ್ಲಿ ಚಿಮಣಿ ದೀಪ, ಲಾಟೀನು; ಮತ್ತು ಪಡಸಾಲೆಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಆರು ವೋಲ್ಟಿನ ವಾಲ್ವ್ ರೇಡಿಯೋ. ಅಂಗಳದ ತೆಂಗಿನ ಮರದಿಂದ ಮಾಡಿಗೆ ತಾಮ್ರದ ತಂತಿಯ ಏರಿಯಲ್. ಬಚ್ಚಲ ನೀರು ಹರಿದು ಯಾವಾಗಲೂ ತೇವವಿರುವ ಬಾಳೆಬುಡದಲ್ಲಿ ಅರ್ತಿನ ತಂತಿ. ಹಲಗೆಯ ಕೆಳಗೆ, ಗೋಣಿ ಹಾಸಿದ ಮರದ ಪೆಟ್ಟಿಗೆಯಲ್ಲಿ ಬ್ಯಾಟರಿ. ಮಕ್ಕಳು ಅದರ ಹತ್ತಿರ ಹೋಗುವಂತಿಲ್ಲ. ಹೋದರೆ ಚಡ್ಡಿಯಲ್ಲಿ ತೂತು ಬೀಳುತ್ತದೆ ಅನ್ನುವುದು ಬೆದರಿಕೆಯಾಗಿರಲಿಲ್ಲ, ಅತ್ತೆಯ ಸೀರೆಯ ಸೆರಗೊಂದು ಸಾಕ್ಷಿಯಾಗಿತ್ತು.

ಆ ರೇಡಿಯೋ ಹಾಕಿದ ಕೂಡಲೇ ಹೊಟ್ಟೆಯೊಳಗಿಂದ ಸಣ್ಣಗೆ ಗುಂಯ್ಗುಡುತ್ತಿತ್ತು. ಒಳಗೆ ವೈಬ್ರೇಟರ್ ಅಂತ ಇದೆ, ಅದು ಅದುರುತ್ತದೆ ಎಂದು ಅಜ್ಜಯ್ಯ ಹೇಳುತ್ತಿದ್ದರು. ದೊಡ್ಡವನಾದ ಮೇಲೆ ಅದನ್ನು ಅರ್ಥ ಮಾಡಿಕೊಂಡು ಬೆರಗಾದೆ. ಅಮೆರಿಕದ ಮನೆಗಳಲ್ಲಿ ಹೋಗಿಬರುವ ಕರೆಂಟನ್ನು ಒಮ್ಮುಖ ಮಾಡಿ ಬ್ಯಾಟರಿಗೆ ತುಂಬಿದ ಆ ಅದುರುವ ನಾಲಗೆಯ ಬಂಧುವೇ, ನಮ್ಮಲ್ಲಿ ಬ್ಯಾಟರಿಯ ಒಮ್ಮುಖ ಕರೆಂಟನ್ನು ಮತ್ತೆ ಕಡಿದು ಕಡಿದು ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವಾಲ್ವುಗಳಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಮಾಡುತ್ತಿತ್ತು. ಹಾಗಾಗಿ ಬಿ ಬ್ಯಾಟರಿಯ ಖರ್ಚು ತಪ್ಪಿತು. ಆರು ವೋಲ್ಟಿನ ಪೆಟ್ಟಿಗೆಯ ಮೇಲೆ ಹೊರೆ ಮಾತ್ರ ಇನ್ನಷ್ಟು ಹೆಚ್ಚಿತು.

ಬ್ಯಾಟರಿ ಇಳಿದಾಗ ಅದು ಪೇಟೆಗೆ ಹೋಗಬೇಕು. ಮನೆಯ ಆಳು ಮಂಜ ಅದನ್ನು ಹಗ್ಗದಲ್ಲಿ ಬಿಗಿದು, ಅಲುಗದಂತೆ ಹೆಗಲಿನ ಅಡ್ಡೆಗೆ ಕಟ್ಟಿ, ಇನ್ನೊಂದು ತುದಿಗೆ ತೂಕ ಸರಿಮಾಡಲು ಅಡಿಕೆಯ ಮೂಟೆಯನ್ನೋ ಬಾಳೆಗೊನೆಯನ್ನೋ ತೂಗಿಸಿ ಗುಡ್ಡ ಹತ್ತುತ್ತಿದ್ದ. ಓರೆಯಾದರೆ ಆ್ಯಸಿಡ್ ಚೆಲ್ಲುತ್ತದೆ. ಹಳ್ಳದ ಸಂಕದ ಮೇಲೆ ಅವನು ಹೆಜ್ಜೆ ಇಡುವಾಗ ಹಿಂದಿದ್ದ ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಬಸ್ಸಿನೊಳಗೆ ಬ್ಯಾಟರಿಗೆ ಜಾಗವಿಲ್ಲ, ಟಾಪಿನ ಮೇಲೆ ಹಾಕಬೇಕು. ಪೇಟೆಯ ಮೋಟಾರು ಗ್ಯಾರೇಜಿನಲ್ಲಿ ಬಿಟ್ಟು ಬಂದರೆ ಮುಂದಿನ ಸಂತೆಗೆ ತಯಾರು. ಗ್ಯಾರೇಜಿನ ಮೇಸ್ತ್ರಿ ರಬ್ಬರಿನ ಉಂಡೆಯಿದ್ದ ಗಾಜಿನ ಕೊಳವೆಯಲ್ಲಿ ಆ್ಯಸಿಡ್ ಎಳೆದು, ತೇಲುವ ಬುರುಡೆ ಎಲ್ಲಿ ನಿಂತಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ. 1280 ತೋರಿಸಿದರೆ ತುಂಬಿದೆ, 1150ಕ್ಕೆ ಬಂದರೆ ಪೂರ್ತಿ ಖಾಲಿ. ಆ ಎರಡು ಅಂಕಿಗಳು ನಮ್ಮ ಮನೆಯಲ್ಲಿ ಜ್ವರದ ಅಂಕಿಗಳಿಗಿಂತ ಹೆಚ್ಚು ಪರಿಚಿತ.

ಆರಿದ್ರಾ ಮಳೆ ಹಿಡಿದರೆ ಹಳ್ಳ ದಾಟುವ ಮಾತಿಲ್ಲ. ಇರುವ ಚಾರ್ಜಿನಲ್ಲಿ ಎಷ್ಟು ದಿನವೋ ಅಷ್ಟು. ಅಜ್ಜಯ್ಯ ಅದನ್ನು ಅಳೆದು ಅಳೆದು ಖರ್ಚು ಮಾಡುತ್ತಿದ್ದರು. ವಾರ್ತೆಗೆ ಎರಡು ನಿಮಿಷ ಮುಂಚೆ ಹಾಕಿ ವಾಲ್ವು ಕಾಯಲು ಬಿಡುವುದು. ವಾರ್ತೆ ಮುಗಿದ ಕ್ಷಣ ಆರಿಸುವುದು. ಅಡಿಕೆಯ ಧಾರಣೆ ಇದ್ದರೆ ಅದು. ಧಾರವಾಡದಿಂದ ಹಿಂದೂಸ್ತಾನಿ ಗಾಯನ ಇದೆಯೆಂದು ಪತ್ರಿಕೆಯಲ್ಲಿ ಗುರುತು ಹಾಕಿಟ್ಟಿದ್ದರೆ ಆ ದಿನ ವಾರ್ತೆಯನ್ನೂ ಬಿಟ್ಟು ಅದಕ್ಕೆ ಉಳಿಸುವುದು. ಅವರು ಹಾಗೆ ಕೇಳಿದ ಸಂಗೀತವನ್ನು ನಾನು ಮರೆತಿಲ್ಲ. ಪಡಸಾಲೆಯಲ್ಲಿ ಅಡಿಕೆ ಸುಲಿಯುವವರ ಮೆಟ್ಟುಗತ್ತಿಗಳು ತಾವಾಗಿ ನಿಲ್ಲುತ್ತಿದ್ದವು. ಹೊರಗೆ ಜಡಿಮಳೆ, ಒಳಗೆ ಬಡೇ ಖಯಾಲಿನ ನಿಧಾನ. ಆಮೇಲೆ ಒಂದು ದಿನ ದನಿ ಕುಗ್ಗಿ, ವೈಬ್ರೇಟರಿನ ಗುಂಯ್ ಮಾತ್ರ ಉಳಿದು, ಅದೂ ನಿಂತರೆ ಚೌತಿಯ ಹೊತ್ತಿಗೇ ಮತ್ತೆ ರೇಡಿಯೋ.

ಮಿತವಾಗಿ ಸಿಕ್ಕದ್ದರಿಂದಲೇ ಚೆನ್ನಾಗಿ ಕೇಳಿದೆವು ಎಂದು ನಾನು ಬಹುಕಾಲ ನಂಬಿದ್ದೆ. ಈಗಲೂ ಅದರಲ್ಲಿ ನಿಜವಿದೆ ಅನ್ನುತ್ತೇನೆ. ಆದರೆ ಆ ನಂಬಿಕೆಯ ಪಕ್ಕದಲ್ಲಿ ಅಜ್ಜಿಯನ್ನು ನಿಲ್ಲಿಸದೆ ಮುಂದೆ ಹೋಗಲಾರೆ. ಬ್ಯಾಟರಿಗೆ ಹಾಕುವ ನೀರು ಅಜ್ಜಿಯ ಕೆಲಸ. ಬಾವಿಯ ನೀರು ಆಗದು, ಅದರಲ್ಲಿ ಲವಣವಿರುತ್ತದೆ. ಹಂಚಿನ ಮೇಲಿನಿಂದ ಬಿದ್ದದ್ದೂ ಆಗದು. ಮಳೆ ಒಂದು ಹದಕ್ಕೆ ಬಂದ ಮೇಲೆ ಅಂಗಳದ ನಡುವೆ ಮಣೆಯಿಟ್ಟು, ಅದರ ಮೇಲೆ ತೊಳೆದ ಗಾಜಿನ ಭರಣಿಯಿಟ್ಟು, ಆಕಾಶದಿಂದ ನೇರ ಬಿದ್ದ ನೀರನ್ನು ಹಿಡಿದು, ಬಿಳಿ ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಡುತ್ತಿದ್ದಳು. ತಂತಿಯ ತುದಿಗೆ ಹತ್ತಿದ ಬಿಳಿ ಹೂವಿನಂಥ ಪುಡಿಯನ್ನು ಬಿಸಿನೀರಲ್ಲಿ ಒರೆಸಿ ಗ್ರೀಸು ಸವರುವವಳೂ ಅವಳೇ. ಆದರೆ ಮಧ್ಯಾಹ್ನದ ಮಹಿಳೆಯರ ಕಾರ್ಯಕ್ರಮಕ್ಕೆ ರೇಡಿಯೋ ಹಾಕುವಂತಿರಲಿಲ್ಲ. ಚಾರ್ಜು ಸಂಜೆಗೆ ಬೇಕಲ್ಲ. ಒಂದು ಮಧ್ಯಾಹ್ನ ಅಜ್ಜಯ್ಯ ತೋಟಕ್ಕೆ ಹೋಗಿದ್ದಾಗ ಅಜ್ಜಿ ಕೈ ಒರೆಸಿಕೊಂಡು ಬಂದು, ನನ್ನತ್ತ ನೋಡಿ, “ಮಾಣಿ, ಅದನ್ನ ಹಾಕು” ಅಂದಳು. ಹಾಕಿದೆ. ಯಾರೋ ಒಬ್ಬಾಕೆ ಮಾತಾಡುತ್ತಿದ್ದರು, ಆಮೇಲೆ ಒಂದು ಸಂಪ್ರದಾಯದ ಹಾಡು. ಅಜ್ಜಿಗೆ ಅದು ಮೊದಲೇ ಗೊತ್ತಿತ್ತು. ಮೆಲ್ಲಗೆ ಜೊತೆಗೆ ಹೇಳಿಕೊಂಡಳು. ಹಾಡು ಮುಗಿದ ಮೇಲೆ, “ಸಾಕು, ತೆಗಿ” ಅಂದಳು. ಅಜ್ಜಯ್ಯನಿಗೆ ತಿಳಿಯಿತೋ ಇಲ್ಲವೋ, ಏನೂ ಅನ್ನಲಿಲ್ಲ.

ಮಂಜನಂಥವರು, ಅಜ್ಜಿಯಂಥವರು ಎಲ್ಲ ಊರಿನಲ್ಲೂ ಇದ್ದರು. ಇಂಗ್ಲೆಂಡಿನ ಹಳ್ಳಿ, ಗಣಿಯೂರುಗಳಲ್ಲಿ ಎರಡು ವೋಲ್ಟಿನ ಗಾಜಿನ ಬ್ಯಾಟರಿಯನ್ನು ತಂತಿಯ ಹಿಡಿಕೆ ಹಿಡಿದು ಸೈಕಲ್ ಅಂಗಡಿಗೆ ಒಯ್ಯುವುದು ಮನೆಯ ಮಕ್ಕಳ ವಾರದ ಕೆಲಸ. ಒಂದು ಬ್ಯಾಟರಿ ಅಂಗಡಿಯಲ್ಲಿ ತುಂಬುತ್ತಿರುವಾಗ ಇನ್ನೊಂದು ಬ್ಯಾಟರಿ ಮನೆಯಲ್ಲಿ ಖಾಲಿಯಾಗುತ್ತಿತ್ತು. ಆ್ಯಸಿಡ್ ತಾಗಿ ತೂತಾದ ಕಾಲುಚೀಲಗಳು ಅಲ್ಲಿಯೂ ಇದ್ದವು. ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ 30 ವಾಟ್ ಯಂತ್ರದಲ್ಲಿ ಆಕಾಶವಾಣಿ ಆರಂಭಿಸಿದಾಗ ಊರೊಳಗೆ ಕರೆಂಟು ಇತ್ತು; ಊರಾಚೆ ಇರಲಿಲ್ಲ. ಊರಾಚೆ ರೇಡಿಯೋ ಬೇಕೆಂದರೆ ಬ್ಯಾಟರಿಯೇ ಬೇಕು, ಬ್ಯಾಟರಿ ಇದ್ದ ಮೇಲೆ ಹೊರುವ ಹೆಗಲೂ ಬೇಕು.

ಅಮೆರಿಕದ ರೈತರದೂ ಆಗ ಇದೇ ಕಥೆ. 1935ರಲ್ಲಿ ಅಲ್ಲಿನ ಹತ್ತು ತೋಟದಮನೆಗಳಲ್ಲಿ ಒಂಬತ್ತಕ್ಕೆ ಕರೆಂಟು ಇರಲಿಲ್ಲ. ಬ್ಯಾಟರಿಯನ್ನು ಪೇಟೆಗೆ ಹೊರುವ ಬದಲು ಅವರು ಗಾಳಿಯನ್ನು ಹಿಡಿದರು. ಅಯೋವಾದ ಸೂ ಸಿಟಿಯಲ್ಲಿ ತಯಾರಾದ ವಿನ್‌ಚಾರ್ಜರನ್ನು ಜೆನಿತ್ ಕಂಪನಿ ತನ್ನ ರೇಡಿಯೋ ಜೊತೆ ಕಡಿಮೆ ಬೆಲೆಗೆ ಕೊಡುತ್ತಿತ್ತು. ಮಾಡಿನ ಮೇಲೆ ಆರಡಿಯ ಮರದ ರೆಕ್ಕೆ, ಅದರ ಹಿಂದೆ ಆರು ವೋಲ್ಟಿನ ಪುಟ್ಟ ಜನರೇಟರ್. ಗಾಳಿ ಬೀಸಿದಷ್ಟು ಚಾರ್ಜು. ನಮ್ಮ ಗುಡ್ಡದ ಮೇಲಿನ ಆಷಾಢದ ಗಾಳಿಯನ್ನು ನೆನೆದಾಗ, ಅಂಥದ್ದೊಂದು ನಮ್ಮ ಮಾಡಿನ ಮೇಲಿದ್ದಿದ್ದರೆ ಮಳೆಗಾಲದಲ್ಲೇ ಹೆಚ್ಚು ಸಂಗೀತ ಕೇಳಬಹುದಿತ್ತಲ್ಲ ಎಂದು ಆಸೆಯಾಗುತ್ತದೆ.

ಮಗ ಓಹಿಯೋದಲ್ಲಿದ್ದಾನೆ. ಅಲ್ಲಿನ ಝೀನಿಯಾ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹವ್ಯಾಸಿ ರೇಡಿಯೋದವರ ದೊಡ್ಡ ಜಾತ್ರೆ ನೆರೆಯುತ್ತದೆ. ಬಯಲಿನಲ್ಲಿ ಸಾಲುಸಾಲು ಹಳೆಯ ಸಾಮಾನು. ಮಗನ ಮನೆಗೆ ಹೋಗಿದ್ದಾಗ ಆ ಜಾತ್ರೆಗೂ ಹೋದೆ. ಅಲ್ಲಿ ಒಬ್ಬ ಹಿರಿಯರ ಮೇಜಿನ ಮೇಲೆ, ಗಾಳಿಯಾಡಲು ತೂತು ಕೊರೆದ ಕಪ್ಪು ತಗಡಿನ ಪೆಟ್ಟಿಗೆಯೊಂದು ಕಂಡಿತು. ಟಂಗರ್. ನನ್ನ ಆಸಕ್ತಿ ನೋಡಿ ಅವರು ಮುಚ್ಚಳ ತೆಗೆದು, ಸ್ವಿಚ್ ಹಾಕಿ ತೋರಿಸಿದರು. ಸುರುಳಿ ಮೊದಲು ಕೆಂಪಾಗಿ, ಬಿಳಿಯಾಗಿ, ಬ್ಯಾಟರಿಯ ತಂತಿ ಮುಟ್ಟಿಸಿದ ಕೂಡಲೇ ಆ ನೇರಳೆ ಪ್ರಭೆ ಹೊತ್ತಿತು. ಪುಸ್ತಕದಲ್ಲಿ ಓದಿದ ವಸ್ತುವನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದುಕೊಂಡಿದ್ದವನಿಗೆ ಒಮ್ಮೆಗೇ ಗೊತ್ತಾಯಿತು: ಈ ಬೆಳಕನ್ನು ನಾನು ಚಿಕ್ಕಂದಿನಲ್ಲೇ ಕಂಡಿದ್ದೇನೆ. ಪೇಟೆಯ ಗ್ಯಾರೇಜಿನ ಒಳಕೋಣೆಯಲ್ಲಿ, ಸಾಲಾಗಿ ತಂತಿ ಬಿಗಿದ ಲಾರಿ ಬ್ಯಾಟರಿಗಳ ಹಿಂದೆ, ಜಾಲರಿಯೊಳಗೆ ಉರಿಯುತ್ತಿದ್ದ ಬಲ್ಬಿನ ಬೆಳಕು ಇದೇ. ಕೋಣೆಗೆ ದೀಪವೆಂದೇ ನಾನು ತಿಳಿದಿದ್ದದ್ದು, ಟಂಗರ್ ಅಲ್ಲದಿದ್ದರೂ ಅದೇ ಜಾತಿಯ ಅನಿಲದ ಬಲ್ಬಾಗಿತ್ತು. ನಮ್ಮ ಬ್ಯಾಟರಿಗೆ ಕರೆಂಟು ಒಂದೇ ಕಡೆಗೆ ದಾಟುತ್ತಿದ್ದದ್ದು ಆ ಬೆಳಕಿನೊಳಗಿಂದ.

ಟಂಗರ್ ಬಲ್ಬಿನ ಬಾಳು ಶುರುವಾದದ್ದೂ ಗ್ಯಾರೇಜಿನಲ್ಲೇ. ರೇಡಿಯೋ ಪ್ರಸಾರ ಶುರುವಾಗುವ ಮೊದಲೇ ಅದು ಕಾರಿನ ಬ್ಯಾಟರಿಗಾಗಿ ಹುಟ್ಟಿತ್ತು. ರೇಡಿಯೋ ಬಂದಾಗ ಗ್ಯಾರೇಜಿನಿಂದ ಮನೆಗೆ ಬಂತು, ಕೆಲವೇ ವರ್ಷ ಮನೆಯ ಸದಸ್ಯನಾಗಿತ್ತು, ಮತ್ತೆ ಗ್ಯಾರೇಜಿಗೆ ಮರಳಿತು. ಟೊರಾಂಟೋದ ಎಡ್ವರ್ಡ್ ರಾಜರ್ಸ್ 1925ರಲ್ಲಿ ಬ್ಯಾಟರಿ ಬೇಡದ ಸೆಟ್ಟನ್ನು ಮಾರಿದರು. 1927ರಲ್ಲಿ ಆರ್‌ಸಿಎಯವರ ಎಸಿ ವಾಲ್ವುಗಳು ಬಂದವು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಹಾಡುವ ರೇಡಿಯೋ ಬಂದ ಮೇಲೆ ಕರೆಂಟಿದ್ದ ಮನೆಗಳ ಮಾಳಿಗೆಯಿಂದ ಚಾರ್ಜರುಗಳು ಬೇಗಬೇಗ ಹೊರಬಿದ್ದವು. ಅದಕ್ಕಾಗಿ ನಾನು ಮರುಗುವುದಿಲ್ಲ. ನಮ್ಮ ಮನೆಗೆ ಕರೆಂಟು ಬಂದ ದಿನ ಮಂಜನ ಹೆಗಲು ಹಗುರಾಯಿತು, ಅಜ್ಜಿ ಮಧ್ಯಾಹ್ನ ಯಾರನ್ನೂ ಕೇಳದೆ ರೇಡಿಯೋ ಹಾಕಿದಳು. ನನಗೆ ಬೇಕಾಗಿರುವುದು ಆ ದಿನಗಳು ಮರಳುವುದಲ್ಲ. ಆ ಚಾರ್ಜರುಗಳನ್ನೂ ಅವುಗಳ ಬಳಿ ನಿಂತವರನ್ನೂ ರೇಡಿಯೋದ ಚರಿತ್ರೆಯಲ್ಲಿ ಸೇರಿಸಿಕೊಳ್ಳುವುದು. ಹಾಡಿದವರ ಹೆಸರು ಇದೆ, ಕೇಂದ್ರ ತೆರೆದವರ ಹೆಸರು ಇದೆ; ಬ್ಯಾಟರಿ ಹೊತ್ತವರ, ಅದಕ್ಕೆ ನೀರು ಹಾಕಿದವರ ಹೆಸರು ಮಾತ್ರ ಇಲ್ಲ.

ಬಾಲ್ಕೈಟ್ ಚಾರ್ಜರಿನ ಕಂಪನಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ತನ್ನ ಚಾರ್ಜರಿಗೆ ಸದ್ದಿಲ್ಲ ಎಂಬುದೇ ಅದರ ಹೆಮ್ಮೆ. 1926ರ ಸುಮಾರಿಗೆ ಆ ಕಂಪನಿ ತನ್ನದೇ ಖರ್ಚಿನಲ್ಲಿ ವಾದ್ಯವೃಂದದ ನಿರ್ದೇಶಕ ವಾಲ್ಟರ್ ಡ್ಯಾಮ್ರೋಶ್ ಅವರಿಂದ ‘ಬಾಲ್ಕೈಟ್ ಅವರ್’ ಎಂಬ ರೇಡಿಯೋ ಕಾರ್ಯಕ್ರಮ ನಡೆಸಿತು. ಚಾರ್ಜರ್ ಮಾರುವವರು ದೇಶಕ್ಕೆಲ್ಲ ಸಿಂಫನಿ ಕೇಳಿಸಿದರು. ಅದನ್ನು ಓದಿದಂದಿನಿಂದ ನನಗೊಂದು ಕುತೂಹಲ. ಕಾರ್ಯಕ್ರಮ ಮುಗಿದು, ಕೇಳಿದವರೆಲ್ಲ ಕುರ್ಚಿಯಿಂದೆದ್ದು ಮಲಗಲು ಹೊರಟ ಮೇಲೆ, ಆ ಮನೆಗಳಲ್ಲಿ ಹಿಂದೆ ಉಳಿದು ಬ್ಯಾಟರಿಯ ನೀರು ನೋಡಿ, ತಾಮ್ರದ ಅಲಗನ್ನು ಅತ್ತ ಹಾಕುತ್ತಿದ್ದವರು ಯಾರು? ಗಂಡಸೋ, ಹೆಂಗಸೋ, ಮನೆಯ ಹುಡುಗನೋ? ಆ ಸಿಂಫನಿಯನ್ನು ಅವರಿಗೂ ಕೂತು ಪೂರ್ತಿ ಕೇಳುವುದಕ್ಕೆ ಆಗಿತ್ತೇ?